ಅತ್ತಿಗೆ ಬರೆದ ಪುಸ್ತಕ, ನಾದಿನಿ ಬರೆದ ಉತ್ತರ

ಈ ಸಂಚಿಕೆಗೆ ಯಾರಾದರೊಬ್ಬ ಹಿರಿಯರ ಜೀವನಚರಿತ್ರೆ ಬರೆದುಕೊಡಲೇಬೇಕೆಂದು ಸಂಪಾದಕ ಮಿತ್ರರು ಗಂಟುಬಿದ್ದಾಗ ಆಯ್ತು ಅಂತ ಒಪ್ಪಿಕೊಂಡು ಮನೆಗೆ ಬಂದುಬಿಟ್ಟೆ. ಆಮೇಲೆ ದಿಗಿಲಾಯಿತು. ಹತ್ತನೆಯವರೆಗೆ ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ನಿಜ. ಆದರೆ ಕಾಮರ್ಸ್ ಸೇರಿದ ಮೇಲೆ ನಾನು ಬರೆಯುವುದೆಲ್ಲ ಜರ್ನಲ್ ಎಂಟ್ರಿ ಮತ್ತು ಲೆಡ್ಜರು. ಗಾಂಧೀಜಿ, ವಿವೇಕಾನಂದರ ಬಗ್ಗೆ ಬರೆಯೋಣವೆಂದರೆ ಆ ಹೆಸರುಗಳನ್ನು ಬೇರೆಯವರು ಮೊದಲೇ ಹಿಡಿದಿಟ್ಟುಕೊಂಡಿದ್ದರು.

ಹೀಗಿರುವಾಗ ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಪ್ರಾಚೀನ ಚೀನಾದ ಬಗ್ಗೆ ಒಂದು ಹಳೇ ಇಂಗ್ಲಿಷ್ ಪುಸ್ತಕ ಕೈಗೆ ಸಿಕ್ಕಿತು. ಓದುತ್ತ ಓದುತ್ತ ತಲೆ ತಿರುಗಿತು. ಒಂದು ಪುಟದಲ್ಲಿ ಪಾನ್ ಚಾವೊ ಎಂಬವನು ಮರಳುಗಾಡಿನಲ್ಲಿ ದಂಡು ನಡೆಸುತ್ತಿದ್ದಾನೆ. ನಾಲ್ಕು ಪುಟ ದಾಟುವಷ್ಟರಲ್ಲಿ ಅದೇ ಪಾನ್ ಚಾವೊ ಅರಮನೆಯಲ್ಲಿ ರಾಣಿಗೆ ಗಣಿತ ಹೇಳಿಕೊಡುತ್ತಿದ್ದಾಳೆ! ಅಚ್ಚಿನ ತಪ್ಪಿರಬೇಕು ಅಂದುಕೊಂಡೆ. ಕೊನೆಗೆ ತಿಳಿಯಿತು: ದಂಡು ನಡೆಸಿದವನು ಅಣ್ಣ, ಪಾಠ ಹೇಳಿದವಳು ತಂಗಿ. ಹಳೆಯ ಇಂಗ್ಲಿಷ್ ಬರವಣಿಗೆಯಲ್ಲಿ ಇಬ್ಬರ ಹೆಸರಿಗೂ ಅವೇ ಅಕ್ಷರ, ನಡುವೆ ಒಂದು ಸಣ್ಣ ಕೊಂಕು ಗುರುತು ಮಾತ್ರ ವ್ಯತ್ಯಾಸ. ಈಚಿನ ಪುಸ್ತಕಗಳು ಅಣ್ಣನನ್ನು ಬಾನ್ ಚಾವೊ ಎಂದೂ ತಂಗಿಯನ್ನು ಬಾನ್ ಝಾವೊ ಎಂದೂ ಬೇರೆ ಬೇರೆಯಾಗಿ ಬರೆಯುತ್ತವೆ. ನಾನು ಹೇಳಹೊರಟಿರುವುದು ತಂಗಿಯ ಕಥೆ.

ಈ ಕಥೆಯನ್ನು ನಾನು ಮೊದಲು ಹೇಳಿದ್ದು ಮನೆಯಲ್ಲಿ, ಅಮ್ಮನಿಗೂ ಸೋದರತ್ತೆಗೂ. ನಮ್ಮದು ಮುಂಬಯಿಯ ಒಂದೂವರೆ ಕೋಣೆಯ ಮನೆ. ಗಂಡ ತೀರಿಕೊಂಡ ಮೇಲೆ ಅತ್ತೆ ನಮ್ಮೊಂದಿಗೇ ಇದ್ದಾಳೆ. ಹಪ್ಪಳ ಮಾಡಿ ಮಾರುತ್ತಾಳೆ, ಅದರ ಲೆಕ್ಕವನ್ನು ಹಳೇ ಡೈರಿಯೊಂದರಲ್ಲಿ ಬರೆದಿಡುತ್ತಾಳೆ. ಬಿ.ಕಾಂ. ಮುಗಿದ ಮೇಲೆ ನಾನು ಸಿ.ಎ.ಗೆ ಹೆಸರು ಕೊಡಬೇಕೋ ಬೇಡವೋ ಎಂಬುದರ ಮೇಲೆ ಈ ವರ್ಷ ಅಮ್ಮನಿಗೂ ಅತ್ತೆಗೂ ಅಡಿಗೆಮನೆಯಲ್ಲಿ ದಿನಾ ಮಾತು. ಹೆಣ್ಣು ತಗ್ಗಿಬಗ್ಗಿ ನಡೆಯಬೇಕು, ಓದು ಸಾಕು ಎಂದು ಅಮ್ಮನ ವಾದ. ಅತ್ತೆಯ ವಾದ ನೀವೇ ಊಹಿಸಬಹುದು. ಇದನ್ನು ಯಾಕೆ ಹೇಳಿದೆನೆಂದರೆ, ಬಾನ್ ಝಾವೊ ಬದುಕಿನಲ್ಲಿಯೂ ಒಬ್ಬ ಅತ್ತಿಗೆ, ಒಬ್ಬ ನಾದಿನಿ ಬರುತ್ತಾರೆ.

ಬಾನ್ ಝಾವೊ ಹುಟ್ಟಿದ್ದು ಕ್ರಿ.ಶ. 45ರ ಸುಮಾರಿಗೆ, ಇಂದಿನ ಷಿಯಾನ್‌ಯಾಂಗ್ ಪಟ್ಟಣದ ಸಮೀಪ. ಆಗ ಚೀನಾವನ್ನು ಆಳುತ್ತಿದ್ದವರು ಹಾನ್ ವಂಶದ ಸಾಮ್ರಾಟರು, ರಾಜಧಾನಿ ಲೊಯಾಂಗ್. ಆಕೆಯದು ಅಕ್ಷರ ಬಲ್ಲವರ ಮನೆತನ. ಅಜ್ಜನ ಸೋದರಿಯೊಬ್ಬಳು ಹಿಂದಿನ ಸಾಮ್ರಾಟನ ಅಂತಃಪುರದಲ್ಲಿದ್ದು ಕವಯಿತ್ರಿ ಎಂದು ಹೆಸರಾಗಿದ್ದಳು. ತಂದೆ ಬಾನ್ ಬಿಯಾವೊ ಇತಿಹಾಸಕಾರ. ಸಿಮಾ ಚಿಯೆನ್ ಎಂಬ ಮಹಾವಿದ್ವಾಂಸ ಎಲ್ಲಿಗೆ ನಿಲ್ಲಿಸಿದ್ದನೋ ಅಲ್ಲಿಂದ ಮುಂದಕ್ಕೆ ಚೀನಾದ ಚರಿತ್ರೆಯನ್ನು ಬರೆಯಲು ಶುರುಮಾಡಿ, ಅದು ಮುಗಿಯುವ ಮೊದಲೇ 54ರಲ್ಲಿ ತೀರಿಕೊಂಡ. ಮಗಳಿಗೆ ಆಗ ಒಂಬತ್ತೋ ಹತ್ತೋ ವರ್ಷ.

ಆ ಕಾಲದ ಹೆಣ್ಣಿನ ಬದುಕು ಹೇಗಿತ್ತು ಎಂದು ಕೇಳುತ್ತೀರಿ. ಗಂಡು ಉಳಬೇಕು, ಹೆಣ್ಣು ನೇಯಬೇಕು, ಇದು ನಿಯಮ. ರೇಷ್ಮೆಹುಳು ಸಾಕುವುದು, ನೂಲು ತೆಗೆಯುವುದು, ಬಟ್ಟೆ ನೇಯುವುದು ಹೆಂಗಸರ ಪಾಲು. ವಸಂತಕಾಲದಲ್ಲಿ ಸ್ವತಃ ಪಟ್ಟದ ರಾಣಿಯೇ ರೇಷ್ಮೆಹುಳುವಿನ ಪೂಜಾವಿಧಿ ನಡೆಸಬೇಕಿತ್ತು. ಮಗಳಾಗಿ ತಂದೆಗೆ, ಹೆಂಡತಿಯಾಗಿ ಗಂಡನಿಗೆ, ವಿಧವೆಯಾದ ಮೇಲೆ ಮಗನಿಗೆ ವಿಧೇಯಳಾಗಿರಬೇಕೆಂಬ ಮೂರು ಕಟ್ಟಳೆಗಳು ಬಾನ್ ಝಾವೊ ಹುಟ್ಟುವ ಎಷ್ಟೋ ಮುಂಚೆಯೇ ಗ್ರಂಥಗಳಲ್ಲಿ ಸೇರಿಬಿಟ್ಟಿದ್ದವು. ಆದರೆ ಗ್ರಂಥದಲ್ಲಿದ್ದದ್ದೆಲ್ಲ ಮನೆಯಲ್ಲಿ ನಡೆಯುತ್ತಿರಲಿಲ್ಲ. ಹಾನರ ಕಾಲದಲ್ಲಿ ವಿಧವೆಯರು ಮತ್ತೆ ಮದುವೆಯಾಗುತ್ತಿದ್ದರು. ಪಟ್ಟಕ್ಕೆ ಬಂದ ಸಾಮ್ರಾಟ ಚಿಕ್ಕ ಮಗುವಾದರೆ ರಾಜಮಾತೆಯೇ ರಾಜ್ಯ ನಡೆಸುತ್ತಿದ್ದಳು. ಚೀನಾ ಎಂದ ಕೂಡಲೇ ನಮಗೆ ನೆನಪಾಗುವ ಪಾದ ಕಟ್ಟುವ ಪದ್ಧತಿ ಆಗ ಇರಲೇ ಇಲ್ಲ. ಅದು ಬಂದದ್ದು ಬಹಳ ಶತಮಾನಗಳ ನಂತರ.

ಹದಿನಾಲ್ಕನೆಯ ವಯಸ್ಸಿಗೆ ಬಾನ್ ಝಾವೊ ಮದುವೆಯಾಯಿತು. ಗಂಡನ ಹೆಸರು ತ್ಸಾವೊ ಶಿಶು. ನಗಬೇಡಿ, ಅವರ ಭಾಷೆಯಲ್ಲಿ ಅದು ದೊಡ್ಡವರ ಹೆಸರೇ. ಮಕ್ಕಳಾದವು, ಆದರೆ ಗಂಡ ಬಹುಕಾಲ ಬದುಕಲಿಲ್ಲ. ಆಕೆ ಮತ್ತೆ ಮದುವೆಯಾಗಲಿಲ್ಲ. ಮಕ್ಕಳನ್ನು ಸಾಕುತ್ತ, ಓದುತ್ತ, ಬರೆಯುತ್ತ ಕಾಲ ಕಳೆದಳು.

ಇತ್ತ ಅಣ್ಣಂದಿರ ಕಥೆ ಬೇರೆಯೇ ದಾರಿ ಹಿಡಿದಿತ್ತು. ದೊಡ್ಡಣ್ಣ ಬಾನ್ ಗು ತಂದೆಯ ಬರಹವನ್ನು ಎತ್ತಿಕೊಂಡ. ಅಪ್ಪಣೆಯಿಲ್ಲದೆ ರಾಜ್ಯದ ಚರಿತ್ರೆ ಬರೆಯುವುದು ಅಪರಾಧವಾಗಿದ್ದ ಕಾಲ. ಯಾರೋ ದೂರು ಕೊಟ್ಟು 62ರಲ್ಲಿ ಅವನನ್ನು ಸೆರೆಗೆ ಹಾಕಿಸಿದರು. ತಮ್ಮ ಬಾನ್ ಚಾವೊ ರಾಜಧಾನಿಗೆ ಓಡಿಹೋಗಿ ಬೇಡಿಕೊಂಡ. ಮಿಂಗ್ ಸಾಮ್ರಾಟ ಬರಹವನ್ನು ತರಿಸಿ ಓದಿ, ಮೆಚ್ಚಿ, ಬಿಡುಗಡೆ ಮಾಡಿದ್ದಲ್ಲದೆ ಅರಮನೆಯ ಗ್ರಂಥಭಂಡಾರದಲ್ಲಿಯೇ ಕೆಲಸ ಕೊಟ್ಟ. ಬಾನ್ ಚಾವೊ ಮಾತ್ರ ನಕಲು ಬರೆಯುವ ಗುಮಾಸ್ತಗಿರಿ ಬೇಸರವಾಗಿ, ಲೇಖನಿ ಬಿಸಾಕಿ ಸೈನ್ಯ ಸೇರಿದ. 73ರಿಂದ ಸುಮಾರು ಮೂವತ್ತು ವರ್ಷ ಮಧ್ಯ ಏಷ್ಯಾದ ಮರಳುಗಾಡಿನ ರಾಜ್ಯಗಳಲ್ಲಿ ಹಾನರ ಅಧಿಕಾರವನ್ನು ಕಟ್ಟಿ ನಿಲ್ಲಿಸಿದವನು ಅವನೇ.

ಬಾನ್ ಗು ಅದೃಷ್ಟ ಅಷ್ಟು ನೆಟ್ಟಗಿರಲಿಲ್ಲ. ಅವನು ಡೌ ಷಿಯಾನ್ ಎಂಬ ಸೇನಾಪತಿಯ ಆಶ್ರಯದಲ್ಲಿದ್ದ. ಡೌ ಮನೆಯವರು ರಾಜಮಾತೆಯ ತವರಿನವರು, ಅವರ ಮಾತೇ ಮಾತು ಎಂಬಂತಿತ್ತು. 92ರಲ್ಲಿ ಹೆ ಸಾಮ್ರಾಟ ಆ ಮನೆತನವನ್ನು ಬುಡಸಹಿತ ಕಿತ್ತುಹಾಕಿದ. ಆ ಗಾಳಿಗೆ ಬಾನ್ ಗು ಕೂಡ ಸಿಕ್ಕಿ, ಹಳೆಯ ದ್ವೇಷವಿದ್ದ ಅಧಿಕಾರಿಯ ಕೈಯಲ್ಲಿ ಬಂಧಿಯಾಗಿ, ಸೆರೆಮನೆಯಲ್ಲೇ ಸತ್ತ. ಅವನ ಮಹಾಗ್ರಂಥ ‘ಹಾನ್ ಶು’, ಅಂದರೆ ಹಾನರ ಚರಿತ್ರೆ, ಅರ್ಧಕ್ಕೆ ನಿಂತಿತು. ಅಪ್ಪನೂ ಮುಗಿಸಲಿಲ್ಲ, ಮಗನೂ ಮುಗಿಸಲಿಲ್ಲ.

ಮುಗಿಸುವವರು ಯಾರು? ಸಾಮ್ರಾಟ ಕರೆಸಿದ್ದು ಬಾನ್ ಝಾವೊಳನ್ನು. ವಯಸ್ಸು ನಲವತ್ತು ದಾಟಿದ್ದ ವಿಧವೆ ಅರಮನೆಯ ಗ್ರಂಥಭಂಡಾರದೊಳಗೆ ಕಾಲಿಟ್ಟಳು. ಉಳಿದುಹೋಗಿದ್ದ ಕೆಲಸವೆಂದರೆ ಎಂಟು ಕೋಷ್ಟಕಗಳು ಮತ್ತು ಆಕಾಶಶಾಸ್ತ್ರದ ಒಂದು ಪ್ರಕರಣ. ಕೋಷ್ಟಕವೇ, ಅಷ್ಟೇನಾ ಅಂತ ಆರ್ಟ್ಸ್ ಗೆಳೆಯರು ಮೂಗು ಮುರಿಯಬಹುದು. ಕಾಮರ್ಸಿನವರು ಮುರಿಯುವುದಿಲ್ಲ. ಯಾವ ರಾಜಕುಮಾರನಿಗೆ ಯಾವ ವರ್ಷ ಯಾವ ಜಹಗೀರು ಸಿಕ್ಕಿತು, ಅವನ ನಂತರ ಯಾರಿಗೆ ಹೋಯಿತು, ಯಾವ ವರ್ಷ ಕೈಬಿಟ್ಟಿತು. ಯಾವ ವರ್ಷ ಯಾರು ಮಂತ್ರಿ, ಯಾರು ದಂಡಾಧಿಕಾರಿ. ಹಳೆಯ ಕಾಲದ ವ್ಯಕ್ತಿಗಳನ್ನು ಮಹಾತ್ಮರಿಂದ ಹಿಡಿದು ಮೂರ್ಖರವರೆಗೆ ಒಂಬತ್ತು ದರ್ಜೆಗಳಲ್ಲಿ ಹಂಚಿರುವ ಕೋಷ್ಟಕವೂ ಅದರಲ್ಲಿದೆ. ವರ್ಣನೆ ಬರೆಯುವವರು ಗೊತ್ತಿಲ್ಲದ ಕಡೆ ಮಾತು ಹಾರಿಸಿ ಮುಂದೆ ಹೋಗಬಹುದು. ಕೋಷ್ಟಕದಲ್ಲಿ ಹಾಗೆ ನಡೆಯುವುದಿಲ್ಲ, ಕಾಲಂ ಖಾಲಿ ಉಳಿದರೆ ಎದ್ದು ಕಾಣುತ್ತದೆ. ಅದೂ ಬಿದಿರಿನ ಸೀಳುಗಳ ಮೇಲೆ ಕುಂಚದಿಂದ ಬರೆಯುತ್ತಿದ್ದ ಕಾಲ. ತಪ್ಪಾದರೆ ಚಾಕುವಿನಿಂದ ಹೆರೆದು ಮತ್ತೆ ಬರೆಯಬೇಕು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ರಾತ್ರಿ ಹನ್ನೆರಡರವರೆಗೆ ಕೂತವರಿಗೆ ಈ ಕಷ್ಟ ಅರ್ಥವಾಗುತ್ತದೆ.

ಆಕೆಯ ನಂತರ ಮಾ ಷು ಎಂಬ ವಿದ್ವಾಂಸ ಕೊನೆಯ ಕೆಲಸ ಮುಗಿಸಿದ. ಹೀಗೆ ಕ್ರಿ.ಪೂ. 206ರಿಂದ ಕ್ರಿ.ಶ. 23ರವರೆಗಿನ ಚರಿತ್ರೆ ನೂರು ಅಧ್ಯಾಯಗಳಲ್ಲಿ ಪೂರ್ತಿಯಾಯಿತು. ಮುಂದೆ ಚೀನಾದಲ್ಲಿ ಒಂದೊಂದು ರಾಜವಂಶದ ಚರಿತ್ರೆಯನ್ನೂ ಬರೆದವರು ಇದೇ ಮಾದರಿ ಹಿಡಿದರು. ಗ್ರಂಥ ಹೊರಬಂದಾಗ ಅದನ್ನು ಬಿಡಿಸಿ ಓದಬಲ್ಲವರೇ ಕಡಿಮೆ. ಮಾ ಷುವಿನ ಸೋದರ ಮಾ ರಾಂಗ್, ಮುಂದೆ ಮಹಾಪಂಡಿತನೆನಿಸಿಕೊಂಡವನು, ಗ್ರಂಥಭಂಡಾರದಲ್ಲಿ ತಲೆಬಾಗಿ ಈಕೆಯಿಂದ ಪಾಠ ಹೇಳಿಸಿಕೊಂಡ. ಹೆಣ್ಣು ಗಂಡಿನ ಮುಂದೆ ಬಗ್ಗಬೇಕಾಗಿದ್ದ ಊರಿನಲ್ಲಿ ಬಗ್ಗಿ ಕೂತವನು ಶಿಷ್ಯ!

ಸಾಮ್ರಾಟ ಹೆ ಆಕೆಯನ್ನು ಅಂತಃಪುರದ ಹೆಂಗಸರಿಗೆ ಗುರುವಾಗಿಯೂ ನೇಮಿಸಿದ. ಅಲ್ಲಿ ಎಲ್ಲರೂ ಆಕೆಯನ್ನು ಗೌರವದಿಂದ ತ್ಸಾವೊ ಮನೆಯ ಹಿರಿಯಮ್ಮ ಎಂಬ ಅರ್ಥದಲ್ಲಿ ತ್ಸಾವೊ ದಾಗು ಎಂದು ಕರೆಯುತ್ತಿದ್ದರು. ಶಿಷ್ಯೆಯರಲ್ಲಿ ಮುಖ್ಯಳಾದವಳು ಡೆಂಗ್ ಸುಯಿ. ಅವಳು ಪ್ರಾಚೀನ ಗ್ರಂಥಗಳ ಜೊತೆಗೆ ಖಗೋಳ, ಗಣಿತಗಳನ್ನೂ ಬಾನ್ ಝಾವೊ ಹತ್ತಿರ ಕಲಿತಳು. 102ರಲ್ಲಿ ಅವಳು ಪಟ್ಟದ ರಾಣಿಯಾದಾಗ, ಪ್ರಾಂತಗಳಿಂದ ಮುತ್ತುರತ್ನಗಳ ಕಾಣಿಕೆ ಬೇಡ, ಕಾಗದ ಮತ್ತು ಮಸಿ ಕೊಟ್ಟರೆ ಸಾಕು ಎಂದಳಂತೆ. ಅದಾದ ಮೂರು ವರ್ಷಕ್ಕೆ, 105ರಲ್ಲಿ, ತ್ಸಾಯ್ ಲುನ್ ಎಂಬ ಅರಮನೆಯ ಅಧಿಕಾರಿ ಹೊಸ ರೀತಿಯಲ್ಲಿ ತಯಾರಿಸಿದ ಕಾಗದವನ್ನು ಸಾಮ್ರಾಟನಿಗೆ ಒಪ್ಪಿಸಿದ.

ಅದೇ ಹೊತ್ತಿನಲ್ಲಿ ಇನ್ನೊಂದು ಘಟನೆ. ದೂರದ ಪಶ್ಚಿಮದಲ್ಲಿದ್ದ ಅಣ್ಣ ಬಾನ್ ಚಾವೊ ಮುದುಕನಾಗಿದ್ದ. ಊರಿಗೆ ಮರಳಲು ಅಪ್ಪಣೆ ಕೇಳಿ ಬರೆದ, ಆಸ್ಥಾನದಿಂದ ಉತ್ತರವೇ ಇಲ್ಲ. ಆಗ ತಂಗಿ ಲೇಖನಿ ಹಿಡಿದಳು. ಅಣ್ಣನಿಗೆ ಎಪ್ಪತ್ತಾಯಿತು, ಕೂದಲು ಬೆಳ್ಳಗಾಗಿದೆ, ಕೈಗಳಲ್ಲಿ ಶಕ್ತಿಯಿಲ್ಲ, ಕೋಲಿಲ್ಲದೆ ನಡೆಯಲಾರ ಎಂದು ಸಾಮ್ರಾಟನಿಗೆ ಅರ್ಜಿ ಬರೆದಳು. ಸಾಮ್ರಾಟನ ಮನಸ್ಸು ಕರಗಿತು. 102ರಲ್ಲಿ ಬಾನ್ ಚಾವೊ ಲೊಯಾಂಗಿಗೆ ಬಂದು ಮುಟ್ಟಿದ. ಒಂದು ತಿಂಗಳು ಬದುಕಿದ. ಹೆಸರಿನಲ್ಲಿ ಒಂದು ಕೊಂಕು ಗುರುತಿನಷ್ಟೇ ದೂರವಿದ್ದ ಅಣ್ಣತಂಗಿ ಮೂವತ್ತು ವರ್ಷದ ಮೇಲೆ ಒಂದೇ ಊರಲ್ಲಿ ಇದ್ದದ್ದು ಆ ಒಂದು ತಿಂಗಳು.

106ರಲ್ಲಿ ಹೆ ಸಾಮ್ರಾಟ ಸತ್ತಾಗ ರಾಣಿ ಡೆಂಗ್ ಸುಯಿಗೆ ಇಪ್ಪತ್ತೈದು ವರ್ಷ. ಪಟ್ಟಕ್ಕೆ ಬಂದದ್ದು ನೂರು ದಿನದ ಹಸುಗೂಸು, ಅದೂ ಅದೇ ವರ್ಷ ತೀರಿಕೊಂಡು ಇನ್ನೊಬ್ಬ ಹುಡುಗ ಬಂದ. ರಾಜ್ಯವಾಳಿದವಳು ಡೆಂಗ್ ಸುಯಿಯೇ, 121ರಲ್ಲಿ ಸಾಯುವವರೆಗೆ. ಅವಳ ಪಕ್ಕದಲ್ಲಿ ಸಲಹೆ ಹೇಳುತ್ತಿದ್ದವಳು ಹಳೆಯ ಗುರು. ಒಮ್ಮೆ ರಾಣಿಯ ಅಣ್ಣ ತಾಯಿಯ ಸೂತಕಕ್ಕೆಂದು ಅಧಿಕಾರ ಬಿಡಲು ಹೊರಟ. ಬಿಡುವುದೋ ಬೇಡವೋ ಎಂದು ರಾಣಿ ಕೇಳಿದಳು. ಬಿಟ್ಟುಬಿಡಲಿ, ಹಿಂದೆ ಸರಿಯುವುದೇ ಒಳ್ಳೆಯದು ಎಂದು ಬಾನ್ ಝಾವೊ ಸಲಹೆ. ಡೌ ಮನೆತನಕ್ಕೆ ಏನಾಯಿತೆಂದು ಆಕೆ ಕಣ್ಣಾರೆ ಕಂಡವಳಲ್ಲವೇ? ಆಕೆಯ ಹೆದರಿಕೆ ಸುಳ್ಳಾಗಲೂ ಇಲ್ಲ. ರಾಣಿ ಕಣ್ಣು ಮುಚ್ಚಿದ್ದೇ ತಡ, ಡೆಂಗ್ ಮನೆತನವೂ ಹಾಗೆಯೇ ನಾಶವಾಯಿತು.

ಈಗ ನಾನು ಹೇಳಬೇಕಾದ ಪುಸ್ತಕದ ವಿಷಯ. 106ರ ಸುಮಾರಿಗೆ ಬಾನ್ ಝಾವೊ ಮದುವೆಯ ವಯಸ್ಸಿನ ತನ್ನ ಹೆಣ್ಣುಮಕ್ಕಳಿಗೆಂದು ಏಳು ಪುಟ್ಟ ಅಧ್ಯಾಯಗಳ ‘ನ್ಯೂ ಜಿಯೆ’ ಎಂಬ ಪುಸ್ತಕ ಬರೆದಳು. ಹೆಣ್ಣುಮಕ್ಕಳಿಗೆ ಬುದ್ಧಿಮಾತು ಎಂದರ್ಥ. ಓದುತ್ತ ಹೋದಂತೆ ನನಗೆ ಸಿಟ್ಟು ಬಂತು. ಹೆಣ್ಣು ಮಗು ಹುಟ್ಟಿದ ಮೂರನೆಯ ದಿನ ಮಂಚದ ಕೆಳಗೆ ಮಲಗಿಸಿ ಕೈಗೆ ಕದಿರಿನ ಬಿಲ್ಲೆ ಕೊಡುವ ಹಳೆಯ ಪದ್ಧತಿಯನ್ನು ಆಕೆ ಸಮರ್ಥಿಸುತ್ತಾಳೆ; ಹೆಣ್ಣು ತಾನು ಕೆಳಗಿನವಳು, ದುಡಿಯಬೇಕಾದವಳು ಎಂದು ತಿಳಿಯಲಿ ಅಂತ. ಬೇಗ ಏಳಬೇಕು, ತಡವಾಗಿ ಮಲಗಬೇಕು. ಅತ್ತೆ ಸರಿ ಹೇಳಲಿ ತಪ್ಪು ಹೇಳಲಿ, ಎದುರಾಡಬಾರದು. ಗಂಡ ಎರಡನೆಯ ಮದುವೆ ಮಾಡಿಕೊಳ್ಳಬಹುದು, ಹೆಂಡತಿಗೆ ಅಂಥ ವಿಧಿ ಇಲ್ಲ. ಕೊನೆಯ ಅಧ್ಯಾಯ ಪೂರ್ತಿ ಮೈದುನ, ನಾದಿನಿಯರ ಮನಸ್ಸು ಗೆಲ್ಲುವುದು ಹೇಗೆ ಎಂಬುದರ ಮೇಲೆ.

ಇಷ್ಟು ಹೇಳುವಾಗ ಅಮ್ಮ ತಲೆದೂಗುತ್ತಿದ್ದಳು. ಅತ್ತೆ ಹಪ್ಪಳ ಲಟ್ಟಿಸುತ್ತ ಸುಮ್ಮನಿದ್ದಳು.

ಆದರೆ ಅದೇ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ಆಕೆ ಎತ್ತಿರುವ ಪ್ರಶ್ನೆಯೊಂದಿದೆ. ಗಂಡುಮಕ್ಕಳಿಗೆ ಎಂಟನೆಯ ವಯಸ್ಸಿನಿಂದ ಅಕ್ಷರ ಕಲಿಸುತ್ತೀರಿ, ಹೆಣ್ಣುಮಕ್ಕಳಿಗೆ ಮಾತ್ರ ಯಾಕಿಲ್ಲ ಎಂದು. ಹೆಂಡತಿ ಗಂಡನನ್ನು ಸೇವಿಸಬೇಕಾದರೂ ಅವಳಿಗೆ ಓದು ಬೇಕಲ್ಲ ಎನ್ನುವುದು ಆಕೆಯ ತರ್ಕ. ತರ್ಕ ನನಗೆ ಹಿಡಿಸದಿದ್ದರೂ ಪ್ರಶ್ನೆ ಹಿಡಿಸಿತು. 119ರಲ್ಲಿ ಡೆಂಗ್ ಸುಯಿ ರಾಜಮನೆತನದ ಮಕ್ಕಳಿಗಾಗಿ ಪಾಠಶಾಲೆ ತೆರೆದಾಗ ಅಲ್ಲಿ ಐದು ವರ್ಷ ದಾಟಿದ ಗಂಡುಹೆಣ್ಣು ಇಬ್ಬರೂ ಇದ್ದರು, ಪರೀಕ್ಷೆಯನ್ನು ರಾಣಿಯೇ ನಿಂತು ನೋಡುತ್ತಿದ್ದಳು.

ಹಾಗಾದರೆ ಉಳಿದ ಆರು ಅಧ್ಯಾಯಗಳಲ್ಲಿ ಅಷ್ಟೊಂದು ಬಗ್ಗಿ ಎಂದು ಯಾಕೆ ಬರೆದಳು? ನನಗೆ ತೋಚಿದ್ದು ಇಷ್ಟು. ಅಣ್ಣ ಸೆರೆಯಲ್ಲಿ ಸತ್ತದ್ದು ತಲೆಯೆತ್ತಿದವರ ಸಂಗದಿಂದ. ಡೆಂಗ್ ಸುಯಿಗಿಂತ ಮುಂಚೆ ರಾಣಿಯಾಗಿದ್ದವಳನ್ನು 102ರಲ್ಲಿ ಮಾಟಮಂತ್ರದ ಆರೋಪ ಹೊರಿಸಿ ಇಳಿಸಿದರು. ಆ ಅರಮನೆಯಲ್ಲಿ ತಲೆ ತಗ್ಗಿಸಿದವರಷ್ಟೇ ಉಳಿದರು. ಮಕ್ಕಳನ್ನು ಬೇರೆ ಮನೆಗೆ ಕಳಿಸುವ ತಾಯಿಯ ಹೆದರಿಕೆಯೇ ಆ ಪುಸ್ತಕವಾಯಿತು ಎಂದು ನಾನು ತಿಳಿದಿದ್ದೇನೆ. ಅಮ್ಮ ನನಗೆ ತಗ್ಗಿಬಗ್ಗಿ ನಡೆ ಎನ್ನುವಾಗಲೂ ಅವಳ ಮುಖದಲ್ಲಿ ಅದೇ ಹೆದರಿಕೆ ಇರುತ್ತದೆ. ಆದರೆ ಒಬ್ಬ ತಾಯಿಯ ಹೆದರಿಕೆ ಪುಸ್ತಕವಾಗಿ ಉಳಿದರೆ ಎಲ್ಲರ ಮನೆಯ ಕಾನೂನಾಗುತ್ತದೆ. ಶಿಷ್ಯ ಮಾ ರಾಂಗ್ ಅದನ್ನು ಬಹಳ ಮೆಚ್ಚಿ ತನ್ನ ಹೆಂಡತಿ ಮಕ್ಕಳಿಗೆ ಓದಿಸಿದ. ಕೋಷ್ಟಕ ಓದಲು ಗುರುವಿನ ಮುಂದೆ ಬಗ್ಗಿದವನು ಮನೆಯವರಿಗೆ ಓದಲು ಕೊಟ್ಟದ್ದು ಈ ಪುಸ್ತಕವನ್ನು.

ಮೆಚ್ಚದವರೂ ಇದ್ದರು. ಗಂಡನ ತಂಗಿ, ಅಂದರೆ ಬಾನ್ ಝಾವೊಳ ನಾದಿನಿ, ತ್ಸಾವೊ ಫೆಂಗ್‌ಶೆಂಗ್ ಎಂಬವಳು ಅತ್ತಿಗೆಯ ಪುಸ್ತಕವನ್ನು ಖಂಡಿಸಿ ಉತ್ತರ ಬರೆದಳು. ನಾದಿನಿಯ ಮನಸ್ಸು ಗೆಲ್ಲುವುದು ಹೇಗೆಂದು ಅಧ್ಯಾಯ ಬರೆದವಳಿಗೆ ಮೊದಲ ಎದುರಾಳಿ ಅವಳ ನಾದಿನಿಯೇ! ಇದನ್ನು ಕೇಳಿ ಅಮ್ಮ ಜೋರಾಗಿ ನಕ್ಕುಬಿಟ್ಟಳು, ನಾದಿನಿ ಅಲ್ಲದೆ ಮತ್ತಿನ್ನಾರು ಬರೆದಾರು ಅಂತ. ಅತ್ತೆಗೂ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಬಾನ್ ಝಾವೊ ಎಪ್ಪತ್ತು ದಾಟಿ, 120ರ ಒಳಗೆ ತೀರಿಕೊಂಡಳು. ರಾಣಿ ಬಿಳಿಯ ಬಟ್ಟೆಯುಟ್ಟು ಗುರುವಿಗಾಗಿ ಶೋಕ ಆಚರಿಸಿದಳು. ಆಕೆಯ ಕವನ, ಲೇಖನ, ಅರ್ಜಿಗಳನ್ನೆಲ್ಲ ಹುಡುಕಿ ಒಟ್ಟುಮಾಡಿದವಳು ಸೊಸೆ, ಡಿಂಗ್ ಮನೆತನದ ಹೆಣ್ಣು. ಸೊಸೆಯ ಹೆಸರು ಏನೆಂದು ಚರಿತ್ರೆಯಲ್ಲಿ ಬರೆದಿಲ್ಲ, ತವರಿನ ಹೆಸರಷ್ಟೇ ಇದೆ.

ಪುಸ್ತಕ ಉಳಿಯಿತು, ಬೆಳೆಯಿತು. 17ನೇ ಶತಮಾನದಲ್ಲಿ ಹೆಣ್ಣುಮಕ್ಕಳು ಓದಬೇಕಾದ ನಾಲ್ಕು ಗ್ರಂಥಗಳನ್ನು ಸೇರಿಸಿದಾಗ ಇದೇ ಮೊದಲನೆಯದಾಯಿತು. ಮುಂದೆ 1907ರಲ್ಲಿ ಹೆ-ಯಿನ್ ಝೆನ್ ಎಂಬ ಚೀನೀ ಲೇಖಕಿ, ಹೆಣ್ಣಾಗಿ ಹೆಣ್ಣಿಗೆ ದ್ರೋಹ ಮಾಡಿದವಳು ಎಂದು ಬಾನ್ ಝಾವೊಳನ್ನು ತೀವ್ರವಾಗಿ ಖಂಡಿಸಿದಳು. ನಮ್ಮ ಸಂಚಿಯ ಹೊನ್ನಮ್ಮ ನಿಮಗೆ ನೆನಪಾಗಿರಬೇಕು. 17ನೇ ಶತಮಾನದಲ್ಲಿ ಮೈಸೂರಿನ ಅರಮನೆಯಲ್ಲಿದ್ದು ಪತಿವ್ರತೆಯರಿಗೆ ‘ಹದಿಬದೆಯ ಧರ್ಮ’ ಬರೆದ ಅವಳೂ, ಅದರ ನಡುವೆಯೇ ಹೆಣ್ಣೆಂದು ಹೀಗಳೆಯುವವರನ್ನು ತರಾಟೆಗೆ ತೆಗೆದುಕೊಂಡಿದ್ದಾಳೆ. ಎರಡು ದೇಶ, ಎರಡು ಅರಮನೆ. ಬರೆಯಲು ಸಿಕ್ಕಿದ ಜಾಗದಲ್ಲಿ ಒಂದಿಷ್ಟು ತಮ್ಮ ಮಾತನ್ನೂ ಸೇರಿಸಿದ ಇಬ್ಬರು ಹೆಂಗಸರು.

ನಾದಿನಿಯ ಉತ್ತರ ಮಾತ್ರ ಎಲ್ಲಿಯೂ ಉಳಿದಿಲ್ಲ. ಐದನೇ ಶತಮಾನದಲ್ಲಿ ಫಾನ್ ಯೆ ಎಂಬ ಇತಿಹಾಸಕಾರ ಬಾನ್ ಝಾವೊಳ ಜೀವನ ಬರೆಯುವಾಗ ಅತ್ತಿಗೆಯ ಪುಸ್ತಕವನ್ನು ಪೂರ್ತಿ ಇಳಿಸಿಕೊಂಡಿದ್ದಾನೆ. ನಾದಿನಿಗೆ ಕೊಟ್ಟದ್ದು ಒಂದು ಸಾಲು: ಅವಳೂ ಬುದ್ಧಿವಂತೆ, ಉತ್ತರ ಬರೆದಳು, ಅದು ಓದತಕ್ಕದ್ದಾಗಿತ್ತು ಎಂಬ ಅರ್ಥದ್ದು. ನಮ್ಮ ಪಾಠದಲ್ಲಿ ಪ್ರತಿ ಡೆಬಿಟ್ಟಿಗೂ ಒಂದು ಕ್ರೆಡಿಟ್ ಇರಲೇಬೇಕು. ಇಲ್ಲಿ ಖಾತೆಯ ಒಂದು ಬದಿ ಪೂರ್ತಿ ತುಂಬಿದೆ, ಇನ್ನೊಂದು ಬದಿಯಲ್ಲಿ ಹೆಸರು ಮಾತ್ರ ಇದೆ.

ಕಥೆ ಮುಗಿದ ಮೇಲೆ ಅಮ್ಮ ಒಲೆ ಹಚ್ಚಲು ಎದ್ದಳು. ಅತ್ತೆ ಲಟ್ಟಣಿಗೆ ಪಕ್ಕಕ್ಕಿಟ್ಟು, ಆ ಉತ್ತರ ಎಲ್ಲಾದರೂ ಓದಲು ಸಿಗುತ್ತದೆಯೇ ಎಂದು ಕೇಳಿದಳು. ಇಲ್ಲ, ಕಳೆದುಹೋಗಿದೆ ಅಂದೆ. ಅದರಲ್ಲಿ ಏನಿತ್ತು ಎಂದು ಕೇಳಿದಳು. ಅದೂ ಯಾರಿಗೂ ಗೊತ್ತಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈಯ ಹಿಟ್ಟು ಒರೆಸಿಕೊಂಡು, ಆ ದಿನದ ಲೆಕ್ಕ ಬರೆಯಲು ಡೈರಿ ತೆಗೆದಳು. ಬರೆಯುತ್ತಲೇ, ಸಿ.ಎ.ಗೆ ಹೆಸರು ಕೊಡಲು ಫೀಸು ಎಷ್ಟಾಗುತ್ತದೆ ಎಂದು ಕೇಳಿದಳು. ಹೇಳಿದೆ. ಅಮ್ಮ ಒಲೆಯ ಕಡೆಗೇ ಮುಖ ಮಾಡಿಕೊಂಡಿದ್ದಳು, ಏನೂ ಅನ್ನಲಿಲ್ಲ. ಅತ್ತೆ ಆ ಅಂಕಿಯನ್ನು ಡೈರಿಯಲ್ಲಿ ಬರೆದುಕೊಂಡಳು.

(ತೃತೀಯ ಬಿ.ಕಾಂ.)